ನನ್ನ ತೂಕದ ಮರಳಿನ ಮೂಟೆ

ನನ್ನನ್ನು ನೋಡಲು ಬಂದ ಗಂಡು ನನ್ನನ್ನು ನೋಡಲೇ ಇಲ್ಲ! ಹೇಳಿದರೆ ಯಾರೂ ನಂಬುವುದಿಲ್ಲ. ಬಾಪೂಜಿನಗರದ ನಮ್ಮ ತಂದೆಯ ಮನೆಯಲ್ಲಿ, ಸೋದರತ್ತೆಯ ರೇಷ್ಮೆ ಸೀರೆ ಉಟ್ಟು, ಉಪ್ಪಿಟ್ಟಿನ ತಟ್ಟೆ ಹಿಡಿದು, ತಲೆ ತಗ್ಗಿಸಿ ನಾನು ಬೆವರುತ್ತ ನಿಂತಿದ್ದರೆ, ಗಂಡು ತಲೆಯೆತ್ತಿ ಫ್ಯಾನು ನೋಡುತ್ತಿತ್ತು. ಆ ಫ್ಯಾನಿಗೆ ಹಳೇ ಕಾಯಿಲೆ, ತಿರುಗುವಾಗ ಕಟಕಟ ಅನ್ನುತ್ತಿತ್ತು. "ಹುಡುಗೀನ ಏನಾದ್ರೂ ಕೇಳೋದಿದ್ರೆ ಸಂಕೋಚ ಬೇಡ, ಕೇಳಪ್ಪ" ಅಂದರು ನಮ್ಮ ತಂದೆ.

ಗಂಡು ಕೇಳಿತು: "ಸ್ಕ್ರೂಡ್ರೈವರ್ ಇದೆಯಾ?"

ಇತ್ತು. ಕೊಟ್ಟರು. ಗಂಡು ಸ್ಟೂಲು ಹತ್ತಿ, ಅಂಗಿಯ ತೋಳು ಮಡಿಸಿ, ಏನೇನೋ ಬಿಚ್ಚಿ ಏನೇನೋ ಕಟ್ಟಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಫ್ಯಾನೂ ನಿಂತಿತು.

ನಮ್ಮ ತಂದೆ ಮಾತ್ರ "ಕೈಕೆಲಸ ಗೊತ್ತಿರೋ ಹುಡುಗ" ಅಂತ ಬೀಗಿದರು. ಇನ್ನು ನಾನು? ಹಾಡು ಹೇಳು ಅನ್ನಲಿಲ್ಲವಲ್ಲ, ಇವರೇ ಆಗಬಹುದು ಅಂತ ಒಪ್ಪಿಕೊಂಡುಬಿಟ್ಟೆ! ನನ್ನ ಬುದ್ಧಿವಂತಿಕೆಯ ಆಳ ನಿಮಗೆ ಇಲ್ಲಿಗೇ ತಿಳಿದುಹೋಗಿರಬೇಕು.

ಅವರ ಹೆಸರು ಕೇಳಬೇಡಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮ ಅಜ್ಜಿ ಕಲಿಸಿದ್ದು. ಮೇಲಾಗಿ, ಇಷ್ಟೆಲ್ಲ ಬರೆದ ಮೇಲೆ ಹೆಸರು ಹೇಳದೆ ಇರುವುದೇ ಇಬ್ಬರಿಗೂ ಕ್ಷೇಮ. ನಮ್ಮವರು ಅಂದುಕೊಳ್ಳೋಣ, ಸಾಕು.

ನಮ್ಮವರಿಗೆ ಕೆಲಸ ಕಾರ್ಖಾನೆಯಲ್ಲಿ. ಹಾಗಂದ ತಕ್ಷಣ ಯಂತ್ರ ಬಲ್ಲವರು ಅಂದುಕೊಳ್ಳಬೇಡಿ. ಅವರದ್ದು ಲೆಕ್ಕಪತ್ರ ವಿಭಾಗ. ದಿನವಿಡೀ ಗೋಡೆಯಾಚೆಗಿನ ಯಂತ್ರಗಳ ಸದ್ದು ಕೇಳುತ್ತ, ಒಂದಕ್ಕೂ ಕೈ ಹಚ್ಚುವ ಹಕ್ಕಿಲ್ಲದೆ, ಅದೇ ಆಸೆಯನ್ನು ಊಟದ ಡಬ್ಬಿಯ ಜೊತೆ ವಿಜಯನಗರದ ಮನೆಗೆ ಹೊತ್ತು ತರುತ್ತಿದ್ದ ಮನುಷ್ಯ. ಬಂದವರೇ ಕಾಫಿ ಕುಡಿದು, ಮನೆಯಲ್ಲಿ ಯಾರಿಗೆ ಏನು ಕಷ್ಟ ಅಂತ ಹುಡುಕುತ್ತಿದ್ದರು. ಕಷ್ಟ ಇಲ್ಲದವರು ಅಡಗಿಕೊಳ್ಳುತ್ತಿದ್ದೆವು.

ಇದಕ್ಕೆಲ್ಲ ಮೂಲ ನಾನೇ ಅನ್ನಿ. ಮದುವೆಯಾದ ಹೊಸದರಲ್ಲಿ ನನಗಾಗಿ ಒಂದು ಬಟ್ಟೆ ಗೂಟ ಮಾಡಿಕೊಟ್ಟರು. ಸೀರೆ ನೇತುಹಾಕಿದರೆ ಗೂಟ ತಿರುಗಿ ಸೀರೆ ಬೀಳುತ್ತಿತ್ತು. ಹೊಸ ಹೆಂಡತಿ ಅಲ್ಲವೇ, "ಅಬ್ಬಾ, ಎಷ್ಟು ಚೆನ್ನಾಗಿದೆ ರೀ!" ಅಂದುಬಿಟ್ಟೆ. ಆ ಒಂದು ಮಾತನ್ನೇ ನಂಬಿಕೊಂಡು ಆ ಮನುಷ್ಯ ಎಷ್ಟು ವರ್ಷ ಬದುಕಿದರು ಅಂತೀರಿ!

ಮಿಕ್ಸಿ ಬೇಕು ಅಂದೆ. ಹಳೇ ಟೇಬಲ್ ಫ್ಯಾನಿನ ಮೋಟಾರಿಗೆ ಕಡಗೋಲು ಕಟ್ಟಿ ಮೊಸರು ಕಡೆಯುವ ಯಂತ್ರ ತಂದಿಟ್ಟರು. ಸ್ವಿಚ್ ಹಾಕಿದೆ. ಬೆಣ್ಣೆ ಬಂತು, ಸುಳ್ಳು ಹೇಳಬಾರದು. ಗೋಡೆಯ ಮೇಲೆ ಬಂತು, ಕ್ಯಾಲೆಂಡರಿನ ಮೇಲೆ ಬಂತು, ನನ್ನ ಹುಬ್ಬಿನ ಮೇಲೂ ಬಂತು. ಪಾತ್ರೆಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ.

ಆಗೆಲ್ಲ ನಲ್ಲಿ ನೀರು ಬರುವ ಹೊತ್ತು ಗೊತ್ತಿರುತ್ತಿರಲಿಲ್ಲ. ನಾನು ಕಾಯುವುದನ್ನು ನೋಡಲಾರದೆ, ನೀರು ಬಂದರೆ ಬೆಲ್ ಹೊಡೆಯುವ ಹಾಗೆ ತಂತಿ ಎಳೆದರು. ಬೆಲ್ಲು ಒಂದೇ ಇದ್ದಿದ್ದು, ಬಾಗಿಲಿನದು. ಅದಕ್ಕೇ ಜೋಡಿಸಿದರು. ಒಂದು ಭಾನುವಾರ ಬೆಲ್ ಆಯಿತು. ನಾನು ಸೆರಗು ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು, "ಬಂತು ಬಂತು, ಬೇಗ ತುಂಬ್ಕೊಳ್ಳಿ!" ಅಂತ ಕೂಗುತ್ತ ಓಡಿದರೆ, ಬಾಗಿಲಲ್ಲಿ ನಮ್ಮವರ ಮೇಲಧಿಕಾರಿ, ಸಂಸಾರ ಸಮೇತ! ಪಾಪ, ಅವರ ಹೆಂಡತಿ ಹೆದರಿ ನನ್ನ ಕೈಯಿಂದ ಒಂದು ಬಕೆಟ್ ಇಸಕೊಂಡೇಬಿಟ್ಟರು.

ಇಷ್ಟರ ನಡುವೆ ನಮ್ಮವರು ಮಾಡಿದ ಒಂದು ವಸ್ತು ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದು ನಮ್ಮತ್ತೆಗೆ ಮಾಡಿದ್ದು.

ನಮ್ಮತ್ತೆ ಮಡಿಯ ಹೆಂಗಸು. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಡಿಸೀರೆ ಉಟ್ಟರೆಂದರೆ, ಪೂಜೆ ಮುಗಿದು, ಅಡಿಗೆ ಮುಗಿದು, ಊಟ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಹೆತ್ತ ಮಗನೂ ಸರಿಯೇ. ಆ ಸೀರೆಯನ್ನೂ ಯಾರೂ ಮುಟ್ಟಬಾರದು. ಸೂರಿನ ಕೆಳಗಿನ ನಾಗಂದಿಗೆಯ ಎತ್ತರದಲ್ಲಿ ಕಟ್ಟಿದ ಬಿದಿರಿನ ಗಳುವಿನ ಮೇಲೆ, ಕೋಲಿನ ತುದಿಯಿಂದ ಹರವಬೇಕು. ಅತ್ತೆಗೆ ಕೈ ಎತ್ತಲು ಕಷ್ಟವಾಗತೊಡಗಿದಾಗ ನಮ್ಮವರು ಎರಡು ರಾಟೆ ಹಾಕಿ, ಹಗ್ಗ ಎಳೆದರೆ ಗಳುವೇ ಕೆಳಗಿಳಿದು ಬರುವ ಹಾಗೆ ಮಾಡಿದರು. ಅತ್ತೆ ಹೊಗಳಲಿಲ್ಲ. "ಹ್ಞೂಂ" ಅಂದರು. ನಮ್ಮತ್ತೆಯ ಒಂದು ಹ್ಞೂಂ ಅಂದರೆ ಊರವರ ಚಪ್ಪಾಳೆಗೆ ಸಮ. ನಮ್ಮವರು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಇನ್ನು ಪೂಜೆ. ನಡುಮನೆಯ ಮೂಲೆಯಲ್ಲಿ ನೆಲಕ್ಕೆ ಅಂಟಿದ ಪುಟ್ಟ ಮಂಟಪ. ಅದರ ಮುಂದೆ ಮಣೆ ಹಾಕಿ, ಕಾಲು ಮಡಿಸಿ ಕೂತು, ದೀಪ ಹಚ್ಚಿ, ಹೂವಿಟ್ಟು, ಎರಡು ಹಾಡು ಹೇಳಿ ಏಳುವುದು ಅತ್ತೆಯ ಪದ್ಧತಿ. ಒಂದು ವರ್ಷ ನೋಡುತ್ತೇನೆ, ಎರಡು ಹಾಡು ನಾಲ್ಕಾಯಿತು. ನಾಲ್ಕು ಎಂಟಾಯಿತು. ಮೊದಲು ದೇವರನಾಮ, ಆಮೇಲೆ ಹಸೆ ಹಾಡು, ಬೀಗರ ಹಾಡು, ಕೊನೆಗೆ ತೊಟ್ಟಿಲ ಜೋಗುಳ! ನನಗೆ ಎಂಥ ಹೆಮ್ಮೆ! ಎದುರುಮನೆ ಪದ್ಮಮ್ಮನವರ ಹತ್ತಿರ ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು, "ನಮ್ಮತ್ತೆಗೆ ಭಕ್ತಿ ದಿನದಿನಕ್ಕೆ ಜಾಸ್ತಿ ಆಗ್ತಿದೆ ಕಣ್ರೀ. ಕೂತರೆ ಏಳೋದೇ ಇಲ್ಲ!"

ಪದ್ಮಮ್ಮ ಒಂದು ಕ್ಷಣ ನನ್ನ ಮುಖ ನೋಡಿ, "ಏಳೋದಿಲ್ವೋ, ಏಳೋಕಾಗೋದಿಲ್ವೋ ನೋಡಿದ್ದೀರಾ?" ಅಂದರು.

ನೋಡಿರಲಿಲ್ಲ. ಮಾರನೇ ದಿನ ಅಡಿಗೆಮನೆ ಬಾಗಿಲ ಸಂದಿಯಿಂದ ನೋಡಿದೆ. ಹಾಡು ಮುಗಿಯಿತು. ಅತ್ತೆ ಅತ್ತಿತ್ತ ನೋಡಿದರು. ಒಂದು ಕೈ ನೆಲಕ್ಕೂರಿ, ತುಟಿ ಕಚ್ಚಿ, ಅರ್ಧ ಎದ್ದು, ಹಾಗೇ ಕುಸಿದರು. ಮಂಡಿ ನೀವಿಕೊಂಡರು. ಮತ್ತೆ ಒಂದು ಹಾಡು ಶುರು ಮಾಡಿದರು. ನಾನು ಭಕ್ತಿ ಅಂದುಕೊಂಡಿದ್ದು ಮಂಡಿನೋವು! ಇಂಥ ಸೂಕ್ಷ್ಮಮತಿ ನಾನು.

ವಿಷಯ ರಾಜಾಜಿನಗರಕ್ಕೂ ಮುಟ್ಟಿತು. ಅಲ್ಲಿ ನಮ್ಮವರ ಅಕ್ಕ ಇದ್ದರು. ಬಂದವರೇ, "ಅಮ್ಮ, ನಮ್ಮನೇಗೆ ಬಂದ್ಬಿಡು. ಊಟಕ್ಕೆ ಟೇಬಲ್ ಇದೆ, ದೇವರು ಗೋಡೆ ಮೇಲಿದೆ, ನಿಂತ್ಕೊಂಡೇ ಕೈ ಮುಗೀಬಹುದು" ಅಂದರು. ಅತ್ತೆಯ ಮುಖ ಇಳಿದುಹೋಯಿತು. ಆ ಮೂಲೆ, ಆ ಮಂಟಪ, ಅವರು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರದು. "ಬರೋ ಭಾನುವಾರ ಬರ್ತೀನಿ. ಅವತ್ತು ನೀನೇ ಕೂತು ನೀನೇ ಎದ್ದು ತೋರ್ಸು, ಆಮೇಲೆ ನಾನು ಬಾಯಿ ತೆಗೆಯಲ್ಲ" ಅಂತ ಹೇಳಿ ಅಕ್ಕ ಹೊರಟರು. ತಮ್ಮನ ಕಡೆ ತಿರುಗಿ, "ನೀನಂತೂ ಏನೂ ಮಾಡೋಕೆ ಹೋಗ್ಬೇಡಪ್ಪ" ಅಂತಲೂ ಅಂದರು. ಇವರ ಹತ್ತಿರ ಯಾರಾದರೂ ಹಾಗೆ ಹೇಳುತ್ತಾರೆಯೇ?

"ಕುರ್ಚಿ ಹಾಕ್ಕೊಂಡು ಪೂಜೆ ಮಾಡಿ ಅತ್ತೆ" ಅಂದೆ ನಾನು.

"ದೇವರು ಕೆಳಗೆ, ನಾನು ಮೇಲೆ! ಚೆನ್ನಾಗಿದೆ."

"ಹಾಗಾದ್ರೆ ದೇವರನ್ನೇ ಎತ್ತರಕ್ಕೆ ಇಡೋಣ."

"ಇಷ್ಟು ವರ್ಷ ಕೂತಿರೋ ದೇವರು ನನ್ನ ಮಂಡಿಗೋಸ್ಕರ ಎದ್ದು ನಿಂತ್ಕೋಬೇಕಾ?"

"ಹೋಗ್ಲಿ, ನಾನೂ ಮಡಿ ಉಟ್ಕೊಂಡು ಬಂದು ಎಬ್ಬಿಸ್ತೀನಿ."

"ನಿನ್ನ ಮಡಿ ನಂಗೊತ್ತಿಲ್ವೇನೇ? ಮಡಿ ಉಟ್ಕೊಂಡು ಹಾಲಿನವನ ಹತ್ರ ಜಗಳ ಆಡಿ ಬರ್ತೀಯ. ನನ್ನನ್ನ ಎತ್ತೋಕೆ ಒಂದು ದಿನ ನಾಲ್ಕು ಜನ ಬರ್ತಾರೆ ಬಿಡು. ಅಲ್ಲೀವರೆಗೂ ನಾನೇ ಏಳ್ತೀನಿ."

ಆ ಮಾತು ಕೇಳಿದ್ದೇ ನಮ್ಮವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡರು.

ಮೊದಲು ಗೋಡೆಗೆ ಕಬ್ಬಿಣದ ಹಿಡಿ ಬಡಿದರು. ಹಿಡಿದು ಎಳೆದು ನೋಡಿದರು. ಹಿಡಿ ಗಟ್ಟಿಯಾಗಿಯೇ ಇತ್ತು, ಗೋಡೆ ಬಂತು. ನಮ್ಮ ಮಾವನವರ ಕಾಲದ ಗಾರೆ ಹಪ್ಪಳದ ಹಾಗೆ ಕಳಚಿ ಹಿಂಬದಿಯ ಇಟ್ಟಿಗೆ ಹಲ್ಲು ಕಿರಿಯಿತು.

ಆಮೇಲೆ ಸ್ಪ್ರಿಂಗಿನ ಮಣೆ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಯಾವುದೋ ವಾಹನದ ಸ್ಪ್ರಿಂಗುಗಳು ಸಿಕ್ಕಿದ್ದವು. ಮಣೆಯ ಕೆಳಗೆ ಅವನ್ನು ಅದುಮಿ ಕೊಕ್ಕೆ ಹಾಕಿದ್ದರು. ಕೊಕ್ಕೆ ತೆಗೆದರೆ ಮಣೆ ಮೆಲ್ಲಗೆ ಮೇಲೇಳಬೇಕು. "ಮೊದಲು ನೀನು ಕೂತ್ಕೋ" ಅಂದರು. ಯಾವತ್ತೂ ಮೊದಲು ನಾನೇ. ಕೂತೆ. ಕೊಕ್ಕೆ ತೆಗೆದೆ. ಮೆಲ್ಲಗೆ ಅನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ಆಯಿತು. ನಾನು ಅರಿಶಿನ ಕುಂಕುಮದ ತಟ್ಟೆಯ ಮೇಲೆ ಹೋಗಿ ಬಿದ್ದಿದ್ದೆ. ಅಷ್ಟು ಹೊತ್ತಿಗೆ ಸಕ್ಕರೆ ಕೇಳಲು ಬಂದ ಪದ್ಮಮ್ಮ, ಅರ್ಧ ಮುಖ ಹಳದಿ ಅರ್ಧ ಕೆಂಪಾಗಿದ್ದ ನನ್ನನ್ನು ಕಂಡು, ದೇವರು ಬಂದಿದೆ ಅಂದುಕೊಂಡು ಕೈ ಮುಗಿದರು.

ಈಗ ನೋಡಿ, ಎಲ್ಲಕ್ಕಿಂತ ದೊಡ್ಡ ಅನಾಹುತಕ್ಕೆ ದಾರಿ ತೋರಿದ್ದು ನಮ್ಮವರಲ್ಲ, ನಾನು! ಅವರು ಪೆಚ್ಚಾಗಿ ಕೂತಿದ್ದರು. ಸಮಾಧಾನ ಮಾಡಲು ಹೋಗಿ, "ಅಲ್ಲಾ ರೀ, ಮಡಿಸೀರೇನ ರಾಟೆ ಹಾಕಿ ಮೇಲೇರ್ಸೋದಾದ್ರೆ, ಸೀರೆ ಉಟ್ಟವರನ್ನ ಯಾಕಾಗಲ್ಲ?" ಅಂದೆ. ಸುಮ್ಮನೆ ಬಾಯಿಗೆ ಬಂದಿದ್ದು. ಅವರ ಕಣ್ಣು ಹೊಳೆದದ್ದು ನೋಡಿ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

ನಡುಮನೆಯ ಸೂರಿನಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಅದಕ್ಕೊಂದು ರಾಟೆ. ರಾಟೆಯ ಈ ಕಡೆ ನಾಲ್ಕು ಮೂಲೆಗೂ ಹಗ್ಗ ಕಟ್ಟಿದ ಮಣೆ. ಆ ಕಡೆ ಮರಳಿನ ಮೂಟೆ. "ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಎರಡೂ ಸರಿದೂಗಿದ್ರೆ ಮುಗೀತು. ಅಮ್ಮ ನೆಲಕ್ಕೆ ಹೀಗೆ ಒಂದು ಬೆರಳು ಒತ್ತಿದ್ರೆ ಸಾಕು, ಹೂವಿನ ಹಾಗೆ ಏಳ್ತಾರೆ. ಕುರ್ಚಿ ಎತ್ತರಕ್ಕೆ ಬಂದಾಗ ಕಾಲು ಇಳಿಬಿಟ್ಟು ನಿಂತ್ಕೊಂಡ್ರೆ ಆಯ್ತು. ಯಾರೂ ಮುಟ್ಟೋ ಹಾಗಿಲ್ಲ!" ಅಂದರು. ಮನುಷ್ಯ ಕೊನೆಗೂ ತಮ್ಮ ವಿಭಾಗಕ್ಕೇ ಬಂದಿದ್ದರು.

"ಅದಕ್ಕೆ ಅಮ್ಮನ ತೂಕ ಗೊತ್ತಾಗ್ಬೇಕು" ಅಂದರು.

"ಕೇಳಿ."

"ಅಮ್ಮನ್ನ ತಕ್ಕಡೀಲಿ ಕೂರಿಸ್ಲಾ? ಬದುಕಿ ಉಳೀತೀನಾ ನಾನು?"

ಅದೂ ನಿಜ. ತಕ್ಕಡಿಗೆ ಒಪ್ಪುವ ಹೆಂಗಸಲ್ಲ. ನಮ್ಮವರು ಪೆನ್ಸಿಲ್ ತೆಗೆದು, ತಿರುಗಿ, ನನ್ನನ್ನು ನೋಡಿದರು. ಹೆಣ್ಣು ನೋಡಲು ಬಂದ ದಿನ ನೋಡದೆ ಬಿಟ್ಟದ್ದನ್ನೆಲ್ಲ ಬಡ್ಡಿ ಸೇರಿಸಿ ನೋಡಿದರು. "ನೀನೂ ಅಮ್ಮನೂ ಒಂದೇ ಮೈಕಟ್ಟು" ಅಂದರು.

ಈ ಮಾತಿಗೆ ಹೆಂಡತಿಯಾದವಳು ಏನು ಹೇಳಬೇಕು ನೀವೇ ಹೇಳಿ! ಆದರೆ ಅದು ಸುಳ್ಳು ಅಂತ ನನಗೂ ಅನಿಸಲಿಲ್ಲ. ನಾನು ಮದುವೆಯಾಗಿ ಬಂದಾಗ ಅತ್ತೆ ಸೊಂಟಕ್ಕೊಂದು, ತಲೆಗೊಂದು ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅವರು ನಡೆದರೆ ಗೂಡಿನ ಲೋಟಗಳು ಗಿಲಗಿಲ ಅನ್ನುತ್ತಿದ್ದವು. ನಮ್ಮಿಬ್ಬರ ಕಣ್ಣಿನಲ್ಲೂ ಅತ್ತೆ ಆ ಅತ್ತೆಯೇ.

ಸರಿ, ಸೌದೆ ಡಿಪೋಗೆ ಹೊರಟೆವು. ಮನುಷ್ಯರು ಕೂರುವಂಥ ತಕ್ಕಡಿ ನಮ್ಮ ಬೀದಿಯಲ್ಲಿ ಇದ್ದದ್ದು ಅಲ್ಲಿ ಮಾತ್ರ. ಸರಪಳಿಯಿಂದ ನೇತಾಡುವ ಹಲಗೆಯ ಮೇಲೆ ನಾನು ಕಣ್ಣು ಮುಚ್ಚಿ ಕೂತೆ. ಡಿಪೋದವನು ಒಂದು ಕಲ್ಲಿಟ್ಟ. ಇನ್ನೊಂದಿಟ್ಟ. ಇಡುತ್ತಲೇ ಹೋದ. "ಅಕ್ಕಾ, ಅಲ್ಲಾಡ್ಬೇಡಿ. ಲೇ, ಒಳಗಿಂದ ದೊಡ್ಡ ಕಲ್ಲು ತಗೊಂಬಾರೋ!" ಅಂತ ಕೂಗಿದ. ಬೀದಿಗೆಲ್ಲ ಕೇಳಿಸಿತು. ಕಣ್ಣು ಬಿಟ್ಟರೆ ಎದುರಿಗೆ, ಸೌದೆಗೆ ಬಂದ ಪದ್ಮಮ್ಮ!

"ಏನ್ ಸಾರ್" ಅಂತ ನಮ್ಮವರನ್ನು ಕೇಳಿದರು, "ಹಸೀದೋ, ಒಣಗಿದ್ದೋ?"

ನನ್ನ ತೂಕದ ಮರಳು ಮೂಟೆ ಸೇರಿತು. ಪ್ರಯೋಗ ನನ್ನ ಮೇಲೆಯೇ ನಡೆಯಿತು. ಆಶ್ಚರ್ಯ ಏನು ಗೊತ್ತೇ? ಕೆಲಸ ಮಾಡಿತು! ಬೆರಳು ಒತ್ತಿದೆ, ಹೂವಿನ ಹಾಗೆ ಎದ್ದೆ. ಹೂವಿನ ಹಾಗೆ ಅನ್ನುವ ಮಾತು ನನ್ನ ವಿಷಯದಲ್ಲಿ ಬಂದದ್ದು ಅದೇ ಮೊದಲು. ಸಾಕು ಅಂದಲ್ಲಿ ನಿಂತೆ. ನೆಲ ಮುಟ್ಟಿದೆ. ಮತ್ತೆ ಎದ್ದೆ. ನಮ್ಮವರು ನನ್ನನ್ನು ನೋಡಿ ನಗುತ್ತಿದ್ದರು. ನಿಜ ಹೇಳುತ್ತೇನೆ, ಇಳಿಯಲು ಮನಸ್ಸೇ ಬರಲಿಲ್ಲ.

ಭಾನುವಾರ ಅಕ್ಕ ಬಂದರು. ಕೈಯಲ್ಲಿ ಅಮ್ಮನ ಬಟ್ಟೆಬರೆ ತುಂಬಲು ದೊಡ್ಡ ಖಾಲಿ ಚೀಲ. ಸೂರಿನಿಂದ ನೇತಾಡುತ್ತಿದ್ದ ಹಗ್ಗಗಳನ್ನು ನೋಡಿ ಎದೆ ಹಿಡಿದುಕೊಂಡರು. "ಇದೇನೋ ಇದು? ಅಮ್ಮನ್ನ ತೊಟ್ಟಿಲಿಗೆ ಹಾಕ್ತೀಯಾ?"

ಅತ್ತೆ ಮಡಿಯಲ್ಲೇ ಬಂದರು. ಮಗನ ಮುಖ ನೋಡಿದರು, ಮಗಳ ಕೈಯ ಚೀಲ ನೋಡಿದರು. ನೆಲಕ್ಕೆ ಕೊಕ್ಕೆ ಹಾಕಿ ನಿಲ್ಲಿಸಿದ್ದ ಆ ಮಣೆಯ ಮೇಲೆ ಕೂತರು. ದೀಪ ಹಚ್ಚಿದರು, ಹೂವಿಟ್ಟರು, ಎರಡೇ ಹಾಡು ಹೇಳಿದರು. ಆಮೇಲೆ ಮಗ ತೋರಿಸಿಕೊಟ್ಟ ಹಾಗೆ ಕೊಕ್ಕೆ ತೆಗೆದು, ಹಗ್ಗ ಹಿಡಿದು, ನೆಲಕ್ಕೆ ಒಂದು ಬೆರಳು ಒತ್ತಿದರು.

ಎದ್ದರು. ಹೂವಿನ ಹಾಗೆಯೇ ಎದ್ದರು. ಕುರ್ಚಿಯ ಎತ್ತರ ಬಂತು. ನಿಲ್ಲಲಿಲ್ಲ. ನನ್ನ ಭುಜದ ಎತ್ತರ ಬಂತು. ನಿಲ್ಲಲಿಲ್ಲ. ಮರಳಿನ ಮೂಟೆ ದೊಪ್ಪೆಂದು ನೆಲ ಸೇರಿದಾಗ ನಮ್ಮತ್ತೆ ಸಜ್ಜೆಯ ಎತ್ತರದಲ್ಲಿ, ಮಡಿಸಿದ ಕಾಲು ಮಡಿಸಿದ ಹಾಗೆಯೇ, ನಡುಮನೆಯ ಗಾಳಿಯಲ್ಲಿ ಕೂತಿದ್ದರು!

"ಅಮ್ಮಾ!" ಅಂತ ಕಿರುಚಿದರು ಅಕ್ಕ.

ಅತ್ತೆ ಹೆದರಲಿಲ್ಲ. ಅಷ್ಟು ಎತ್ತರಕ್ಕೆ ಹೋದವರು ಸುತ್ತ ಒಮ್ಮೆ ಕಣ್ಣಾಡಿಸಿದರು. "ಏನೇ ಇವಳೇ, ಸಜ್ಜೆ ಮೇಲೆ ಬೆರಳುದ್ದ ಧೂಳು! ಯುಗಾದಿಗೆ ಗುಡಿಸಿದೆ ಅಂದ್ಯಲ್ಲೇ? ಅಯ್ಯೋ, ಕಳೆದ್ಹೋಯ್ತು ಅಂದ ಹಿತ್ತಾಳೆ ಕೊಳದಪ್ಪಲೆ ಇಲ್ಲೇ ಇದೆ!"

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಮೂಟೆ ಎತ್ತು, ಅಮ್ಮ ಕೆಳಗೆ ಬರ್ತಾರೆ" ಅಂದರು ನಮ್ಮವರು. ಇಬ್ಬರೂ ಮೂಟೆಗೆ ಕೈ ಹಚ್ಚಿದೆವು. ಉಸಿರು ಕಟ್ಟಿ ಎತ್ತಿದೆವು. ಅದು ಅಲ್ಲಾಡಬೇಕಲ್ಲ! ಬರೀ ಮರಳೇ ಅದು? ನನ್ನ ಸಾಕ್ಷಾತ್ ತೂಕ! ಅದನ್ನು ಎತ್ತಲಾಗದೆ ನಮ್ಮವರು ಏದುಸಿರು ಬಿಡುವುದನ್ನು, ಅಕ್ಕನ ಎದುರಿಗೆ, ನಾನು ಕಣ್ಣಾರೆ ನೋಡಬೇಕಾಯಿತು.

ಕೊನೆಗೆ ನಮ್ಮವರು ಸ್ಟೂಲು ಎಳೆದುಕೊಂಡು ಹತ್ತಿದರು. ಮಣೆಯ ಹತ್ತಿರ ಮುಖ ಹೋಯಿತು. ಅಲ್ಲಿಗೆ ನಿಂತುಬಿಟ್ಟರು. ಎದುರಿಗಿರುವುದು ಅಮ್ಮ, ಆದರೆ ಮಡಿಯಲ್ಲಿದ್ದಾರೆ. "ಅಮ್ಮಾ... ಮುಟ್ಲಾ?"

"ಮುಟ್ಟೋ. ಇನ್ನೇನು ಇಲ್ಲೇ ಸಂಸಾರ ಹೂಡ್ಲಾ?"

ಭಾರ ಎತ್ತುವವರ ಹಾಗೆ ಕಾಲು ಅಗಲಿಸಿ, ಸೊಂಟ ಗಟ್ಟಿ ಮಾಡಿಕೊಂಡು, ಎರಡು ತೋಳೂ ಕೆಳಗೆ ಹಾಕಿ ಎತ್ತಿದರು. ಎತ್ತಿದ ರಭಸಕ್ಕೆ ಅವರೇ ಹಿಂದಕ್ಕೆ ವಾಲಿದರು. ಅಷ್ಟು ಭಾರಕ್ಕೆ ಸಿದ್ಧವಾಗಿದ್ದ ತೋಳಿನಲ್ಲಿ ಭಾರವೇ ಇರಲಿಲ್ಲ. ನಾನು ಸ್ಟೂಲು ಹಿಡಿದುಕೊಂಡು ಕೆಳಗಿಂದ ನೋಡುತ್ತಿದ್ದೆ. ಆ ದೊಡ್ಡ ಸೀರೆಯ ನೆರಿಗೆಗಳ ಒಳಗೆ ನಮ್ಮತ್ತೆ ಎಷ್ಟು ಸ್ವಲ್ಪವೇ ಉಳಿದಿದ್ದರು! ಒಂದೇ ಮನೆಯಲ್ಲಿದ್ದು, ದಿನಾ ಎಲೆ ಹಾಕಿ ಬಡಿಸಿ, ಯಾರಿಗೂ ಕಾಣಿಸದೆ ಹೋಗಿತ್ತು.

ನಮ್ಮವರು ಅಮ್ಮನನ್ನು ಎತ್ತಿಕೊಂಡೇ ಸ್ಟೂಲಿನಿಂದ ಇಳಿದರು. ಯಾವ ಯಂತ್ರ ಕೆಟ್ಟರೂ ಕಾರಣ ಹೇಳುತ್ತಿದ್ದ ಮನುಷ್ಯ, ಮೂಟೆಯ ಕಡೆಗೆ ತಿರುಗಿಯೂ ನೋಡಲಿಲ್ಲ.

ಅಕ್ಕ ಖಾಲಿ ಚೀಲವನ್ನು ಮಡಿಸಿದರು. ಇನ್ನೂ ಚಿಕ್ಕದಾಗಿ ಮಡಿಸಿದರು. "ಅಮ್ಮ ಇಲ್ಲೇ ಇರ್ಲಿ ಬಿಡೋ" ಅಂದರು.

"ನಾಳೆಯಿಂದ ಈ ಹಗ್ಗ ಗಿಗ್ಗ ಏನೂ ಬೇಡ" ಅಂದರು ಅತ್ತೆ, ತೋಳಿನಲ್ಲಿ ಕೂತೇ. "ಸ್ನಾನ ಮಾಡ್ಕೊಂಡು ಬಂದು ಕೈ ಕೊಡು, ಎದ್ದೇಳ್ತೀನಿ." ಅನ್ನುತ್ತಲೇ ತಮ್ಮ ಮೊಣಕೈ ಹಿಡಿದಿದ್ದ ಮಗನ ಬೆರಳುಗಳನ್ನು ಮುಟ್ಟಿ ನೋಡಿದರು. ತಿರುಗಿಸಿ ಅಂಗೈ ನೋಡಿದರು. ಕೊಯ್ದ ಗಾಯ, ಸುಟ್ಟ ಕಲೆ, ಉಗುರಿನೊಳಗೆ ತೊಳೆದರೂ ಹೋಗದ ಗ್ರೀಸು. ಮಗ ಶಾಲೆಗೆ ಹೋಗುವಾಗ ಹಿಡಿದುಕೊಂಡಿದ್ದ ಕೈ ಅದು. ಆಮೇಲೆ ಎಂದಾದರೂ ಹಿಡಿದಿದ್ದರೋ ಇಲ್ಲವೋ.

"ಲೆಕ್ಕ ಬರೆಯೋನು ನೀನು" ಅಂದರು. "ಕೈ ಯಾವಾಗ ಇಷ್ಟು ಒರಟಾಯ್ತೋ?"

ನಮ್ಮವರು ಅಮ್ಮನನ್ನು ಇಳಿಸಲೇ ಇಲ್ಲ.